ಕುಮಟಾ–ಹೊನ್ನಾವರ ಕಡಲತೀರದಲ್ಲಿ ತಂಗಿಯ ಮದುವೆ: ಯಾವ ತಿಂಗಳು, ಯಾವ ಜಾಗ?

ವಧುವಿನ_ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ಮನೆ ಕುಮಟಾ ತಾಲ್ಲೂಕಿನಲ್ಲಿದೆ. ಅಪ್ಪನ ಕೆಲಸದ ಕಾರಣ ನಾವು ಬೆಳೆದದ್ದು ಬೆಂಗಳೂರಿನಲ್ಲಿ. ತಂಗಿಗೆ ಮದುವೆ ನಿಶ್ಚಯವಾಗಿದೆ, ಹುಡುಗನ ಮನೆಯವರು ದಾವಣಗೆರೆಯವರು. ಸಮುದ್ರದ ಎದುರು ಮದುವೆಯಾಗಬೇಕೆಂಬುದು ಇಬ್ಬರ ಆಸೆ. ಮೊದಲು ಗೋವಾ ಎಂದರು. ನಮ್ಮದೇ ಊರಿನ ಕಡಲು ಇರುವಾಗ ಗೋವಾ ಏಕೆ ಎಂದು ನಾನು ಪಟ್ಟು ಹಿಡಿದು ಒಪ್ಪಿಸಿದ್ದೇನೆ. ಏರ್ಪಾಡಿನ ಹೊಣೆಯೂ ನನ್ನದೇ.

ಎರಡೂ ಕಡೆ ಸೇರಿ ಇನ್ನೂರು ಜನ, ಎರಡು ದಿನದ ಕಾರ್ಯಕ್ರಮ. ಮಕ್ಕಳಿಗೆ ರಜೆ ಇರುತ್ತದೆ ಎಂದು ಅಮ್ಮ ಮೇ ತಿಂಗಳು ಹೇಳುತ್ತಾರೆ. ಹುಡುಗನಿಗೆ ಡಿಸೆಂಬರ್ ಕೊನೆ ಅನುಕೂಲ. ಮರಳಿನ ಮೇಲೆಯೇ ಮಂಟಪ ಹಾಕಿಸಬಹುದೇ? ಅನುಮತಿ ಯಾರು ಕೊಡುತ್ತಾರೆ? ಅಡುಗೆಯವರನ್ನು ಬೆಂಗಳೂರಿನಿಂದ ಕರೆತರಬೇಕೇ? ತಿಳಿದವರು ಹೇಳಿ.

ಕುಮಟೆಯ_ಓದುಗ
ಮೇ ಬೇಡ. ಸೆಕೆ ಎಂದರೆ ಏನೆಂದು ದಾವಣಗೆರೆಯವರಿಗೆ ಗೊತ್ತು, ಆದರೆ ಅವರದು ಒಣ ಬಿಸಿಲು. ಇಲ್ಲಿಯದು ಬೆವರು ಆರದ ಸೆಕೆ. ರೇಷ್ಮೆ ಸೀರೆ ಉಟ್ಟು ಹೋಮದ ಮುಂದೆ ಕುಳಿತ ಹುಡುಗಿಯ ಸ್ಥಿತಿಯನ್ನು ನೆನೆಯಿರಿ. ಮೇ ಕೊನೆಯ ವಾರದಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಭಯವೂ ಇದೆ. ಹಲವು ಕಡೆ ಬಾವಿಯ ನೀರು ಆ ಹೊತ್ತಿಗೆ ಉಪ್ಪಾಗಿರುತ್ತದೆ. ಇನ್ನೂರು ಜನರ ಸ್ನಾನಕ್ಕೆ, ಅಡುಗೆಗೆ ಟ್ಯಾಂಕರ್ ತರಿಸಬೇಕಾಗುತ್ತದೆ.

ಪುರೋಹಿತ_ಗೋಕರ್ಣ
ಡಿಸೆಂಬರ್ ಕೊನೆಯೂ ಆಗದು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ವಿವಾಹಕ್ಕೆ ಮುಹೂರ್ತ ಇಡುವುದಿಲ್ಲ. ಹುಡುಗನ ಮನೆಯಲ್ಲಿ ಅದನ್ನು ನೋಡುವುದಿಲ್ಲ ಎಂದರೂ ಆ ದಿನಗಳಲ್ಲಿ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವರ್ಷಾಂತ್ಯದ ಪ್ರವಾಸಿಗರು, ಶಾಲಾ ಪ್ರವಾಸದ ಬಸ್ಸುಗಳು, ಮಾಲಾಧಾರಿ ಅಯ್ಯಪ್ಪ ಭಕ್ತರು, ಎಲ್ಲರೂ ಒಟ್ಟಿಗೆ ಬರುತ್ತಾರೆ. ಸಂಕ್ರಾಂತಿ ಕಳೆದು ಫೆಬ್ರುವರಿಯಲ್ಲಿ ನೋಡಿ. ಶಿವರಾತ್ರಿಯ ವಾರವನ್ನು ಮಾತ್ರ ಬಿಡಿ. ಮಹಾಬಲೇಶ್ವರನ ರಥೋತ್ಸವಕ್ಕೆ ಬರುವ ಜನರ ನಡುವೆ ನಿಮ್ಮ ದಿಬ್ಬಣದ ಬಸ್ಸು ಊರೊಳಗೆ ಬರುವುದೇ ಕಷ್ಟ.

ಶಿರಸಿ_ಅಡುಗೆಮನೆ
ಫೆಬ್ರುವರಿಗೆ ನನ್ನದೂ ಒಂದು ಮತ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯ ವರ್ಷವಾದರೆ ಆ ದಿನಾಂಕವನ್ನೂ ಕೇಳಿಕೊಳ್ಳಿ. ಆಗ ಘಟ್ಟದ ಮೇಲಿನ ಅಡುಗೆಯವರು, ಬಾಡಿಗೆ ವಾಹನ, ವಸತಿ ಯಾವುದೂ ಸುಲಭಕ್ಕೆ ಸಿಗುವುದಿಲ್ಲ.

ಬೆಂಗಳೂರು_ಟು_ಕಾರವಾರ
ಇಷ್ಟೆಲ್ಲ ಯೋಚಿಸುವ ಬದಲು ಒಂದು ದೊಡ್ಡ ರೆಸಾರ್ಟ್ ಹಿಡಿದು ಎಲ್ಲವನ್ನೂ ಅವರಿಗೇ ವಹಿಸಿ. ಮದುವೆಯ ಮನೆಯವರು ನೆಮ್ಮದಿಯಾಗಿ ಕುಳಿತುಕೊಳ್ಳಬಹುದು.

ಕುಮಟೆಯ_ಓದುಗ
@ಬೆಂಗಳೂರು_ಟು_ಕಾರವಾರ ಇನ್ನೂರು ಜನರನ್ನು ಒಂದೇ ಆವರಣದಲ್ಲಿ ಉಳಿಸಿಕೊಳ್ಳುವ ಜಾಗಗಳು ನಮ್ಮ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು. ಕುಡ್ಲೆ, ಓಂ ಬೀಚ್ ಕಡೆ ಚಿಕ್ಕ ಚಿಕ್ಕ ಕೋಣೆಗಳೇ ಹೆಚ್ಚು. ಕೆಲವು ಕಡೆ ಗುಡ್ಡದ ಮೆಟ್ಟಿಲು ಇಳಿದು ಹೋಗಬೇಕು, ಹಿರಿಯರಿಗೆ ಆಗುವುದಿಲ್ಲ. ಹತ್ತಿರ ಹತ್ತಿರದ ನಾಲ್ಕೈದು ಹೋಮ್‌ಸ್ಟೇ, ಒಂದು ಲಾಡ್ಜ್ ಹಿಡಿದು ಮದುವೆಯನ್ನು ಒಂದು ತೆಂಗಿನ ತೋಟದಲ್ಲಿ ಮಾಡುವುದೇ ಸರಿ.

ವಧುವಿನ_ಅಕ್ಕ
ತೋಟದಲ್ಲಾದರೆ ಸಮುದ್ರ ಎಲ್ಲಿ? ತಂಗಿಗೆ ಅಲೆಗಳ ಎದುರೇ ತಾಳಿ ಕಟ್ಟಿಸಿಕೊಳ್ಳಬೇಕೆಂದಿದೆ. ಸೂರ್ಯಾಸ್ತದ ಹೊತ್ತು ಆದರೆ ಇನ್ನೂ ಒಳ್ಳೆಯದಂತೆ.

ಪುರೋಹಿತ_ಗೋಕರ್ಣ
ತಂಗೀ, ಶಾಸ್ತ್ರದ ಅಡ್ಡಿ ಇಲ್ಲ. ಗೋಧೂಳಿ ಲಗ್ನ ಎಂಬುದು ಇದ್ದೇ ಇದೆ, ಎರಡೂ ಮನೆಯವರು ಒಪ್ಪಿದರೆ ಆಗುತ್ತದೆ. ಅಡ್ಡಿ ಇರುವುದು ಗಾಳಿಯದು. ಬಿಸಿಲು ಏರಿದಂತೆ ನೆಲ ಕಾಯುತ್ತದೆ, ಸಮುದ್ರದಿಂದ ಗಾಳಿ ಒಳಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಅದರ ರಭಸ ಹೆಚ್ಚು. ಆ ಗಾಳಿಯಲ್ಲಿ ಹೋಮದ ಬೆಂಕಿ ಒಂದು ದಿಕ್ಕಿಗೆ ಮಲಗುತ್ತದೆ, ಕಿಡಿ ಸೀರೆಗೆ ಹಾರುತ್ತದೆ, ಅಕ್ಷತೆ ವಧೂವರರ ಮೇಲೆ ಬೀಳುವ ಬದಲು ಹಿಂದೆ ಕುಳಿತವರ ಮೇಲೆ ಬೀಳುತ್ತದೆ. ಬೆಳಿಗ್ಗೆ ಹತ್ತರ ಒಳಗೆ ಕಡಲ ದಂಡೆಯಲ್ಲಿ ಗಾಳಿ ಬಹಳ ಸೌಮ್ಯ. ಧಾರೆಯನ್ನು ಬೆಳಗಿನ ಮುಹೂರ್ತದಲ್ಲಿ ತೋಟದ ಚಪ್ಪರದಲ್ಲಿ ಮುಗಿಸಿ, ಸಂಜೆ ಆರತಕ್ಷತೆಗೆ ಸಮುದ್ರದ ಎದುರು ಕುಳಿತುಕೊಳ್ಳಲಿ. ಬೆಂಕಿ ಇಲ್ಲ, ಭಯವಿಲ್ಲ. ಫೆಬ್ರುವರಿಯಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು.

ಚಿತ್ರಗಾರ_ಕಾರವಾರ
ಮದುವೆ ಛಾಯಾಗ್ರಹಣ ನನ್ನ ವೃತ್ತಿ. ಪುರೋಹಿತರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ: ಉಬ್ಬರ ಇಳಿತದ ವೇಳೆ ನೋಡದೆ ದಿನ ಗೊತ್ತುಮಾಡಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಮಧ್ಯಾಹ್ನ ಅಗಲವಾಗಿ ಕಂಡ ಮರಳು ಸಂಜೆಗೆ ಅರ್ಧಕ್ಕಿಂತ ಕಡಿಮೆಯಾಗಿರಬಹುದು. ಉಬ್ಬರದ ವೇಳಾಪಟ್ಟಿ ಮೊದಲೇ ಸಿಗುತ್ತದೆ, ದೊಡ್ಡ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ.

ಡ್ರೋನ್ ವಿಷಯ: ಕಾರವಾರದ ಸುತ್ತ ಹಾರಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರಗಾದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣುಸ್ಥಾವರ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹೊನ್ನಾವರದ ಕಡೆಯೂ ಡ್ರೋನ್ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಮುಂದುವರಿಯಿರಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್ಎಸ್ ಚಪಲ್ ಯುದ್ಧನೌಕೆಯ ಮುಂದೆ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಕೇಳಿದರೆ ಶರಾವತಿಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅದಕ್ಕಿಂತ ಹತ್ತು ಪಾಲು ಚೆನ್ನ.

ಟೊಂಕದ_ಮೀನುಗಾರ
ನಾನು ಹೊನ್ನಾವರದ ಕಾಸರಕೋಡು ಟೊಂಕದವನು, ನಮ್ಮದು ಮೀನುಗಾರಿಕೆ. ಮದುವೆಗೆ ನಮ್ಮ ವಿರೋಧವಿಲ್ಲ. ಆದರೆ ಇಲ್ಲಿ ಬರೆದವರು ಕಡಲತೀರವನ್ನು ಖಾಲಿ ಜಾಗವೆಂದೇ ತಿಳಿದು ಮಾತನಾಡುತ್ತಿದ್ದೀರಿ. ನಾವು ದೋಣಿ ಎಳೆದು ನಿಲ್ಲಿಸುವುದು ಅಲ್ಲಿ. ಏಂಡಿ ಬಲೆ ಎಳೆಯುವುದು ಅಲ್ಲಿ. ಹೆಂಗಸರು ಮೀನು ಒಣಗಿಸುವುದೂ ಅಲ್ಲಿ. ಹಿಂದೆ ಒಂದು ಮದುವೆಯ ಏರ್ಪಾಡಿನವರು ಬಂದು, ಫೋಟೊಗೆ ಅಡ್ಡವಾಗುತ್ತದೆ, ದೋಣಿಗಳನ್ನು ಬೇರೆ ಕಡೆ ಸರಿಸಿ ಎಂದರು. ಬಲೆ ಎಳೆಯುವ ದಾರಿಯಲ್ಲೇ ಕಬ್ಬಿಣದ ಗೂಟ ಹೊಡೆದರು. ಹೋಗುವಾಗ ಕಿತ್ತುಕೊಂಡು ಹೋಗಲಿಲ್ಲ. ಬಲೆ ಹರಿದರೆ ಅದನ್ನು ಕಟ್ಟಲು ನಮಗೆ ದಿನಗಟ್ಟಲೆ ಬೇಕು, ಆ ದಿನಗಳ ದುಡಿಮೆ ಹೋಗುತ್ತದೆ.

ಅಕ್ಕಾ, ನೀವು ಊರಿನವರು. ಜಿಲ್ಲಾಡಳಿತದ ಅನುಮತಿಗಿಂತ ಮೊದಲು ಆ ದಂಡೆಯ ಮೀನುಗಾರರ ಮುಖಂಡರನ್ನು ಕೇಳಿ. ಯಾವ ಭಾಗದಲ್ಲಿ ಬಲೆ ಎಳೆಯುವುದಿಲ್ಲ, ಯಾವ ಹೊತ್ತಿಗೆ ದಂಡೆ ಖಾಲಿ ಇರುತ್ತದೆ ಎಂದು ಅವರೇ ಹೇಳುತ್ತಾರೆ.

ಅಂಕೋಲೆಯ_ಹುಡುಗಿ
ಟೊಂಕದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕೇಣಿಯಲ್ಲಿ ಬಂದರು ಬೇಡವೆಂದು ಜನ ಬೀದಿಗಿಳಿದದ್ದೂ ಇದೇ ಕಾರಣಕ್ಕೆ. ದಂಡೆ ಹೋದರೆ ಬದುಕು ಹೋಗುತ್ತದೆ.

ಬೆಂಗಳೂರು_ಟು_ಕಾರವಾರ
ಒಂದು ಸಂಜೆಯ ಆರತಕ್ಷತೆಗೂ ಬಂದರಿಗೂ ಎಲ್ಲಿಯ ಸಂಬಂಧ? ಮದುವೆಗಳು ಬಂದರೆ ಊರಿನವರಿಗೆ ನಾಲ್ಕು ಕಾಸು ಸಿಗುತ್ತದೆ.

ಟೊಂಕದ_ಮೀನುಗಾರ
ಯಾರಿಗೆ ಸಿಗುತ್ತದೆ ಎಂಬುದೇ ಪ್ರಶ್ನೆ. ಹೂವು ಬೆಂಗಳೂರಿನಿಂದ, ಅಡುಗೆಯವರು ಗೋವಾದಿಂದ, ಕುರ್ಚಿ ಹುಬ್ಬಳ್ಳಿಯಿಂದ. ನಮ್ಮ ಪಾಲಿಗೆ ಉಳಿಯುವುದು ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ಲೋಟ ಹೆಕ್ಕುವ ಕೆಲಸ. ಊರಿನವರಿಂದ ಕೊಂಡರೆ, ಊರಿನವರಿಗೆ ಕೆಲಸ ಕೊಟ್ಟರೆ ನಾವೇ ಚಪ್ಪರ ಹಾಕಲು ಬರುತ್ತೇವೆ.

ಕಡಲಾಮೆ_ಕಾವಲು
ದೀಪದ ಬಗ್ಗೆ ಯಾರೂ ಹೇಳಲಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಜಿಲ್ಲೆಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಹೊನ್ನಾವರ ಅರಣ್ಯ ವಿಭಾಗದವರು ಗೂಡುಗಳನ್ನು ಗುರುತಿಸಿ, ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಮೊಟ್ಟೆಯೊಡೆಯಲು ಒಂದೂವರೆಯಿಂದ ಎರಡು ತಿಂಗಳು. ಹೊರಬಂದ ಮರಿಗಳು ಬೆಳಕು ಕಂಡ ಕಡೆ ಹರಿಯುತ್ತವೆ. ಸಹಜವಾಗಿ ಅದು ಸಮುದ್ರದ ಹೊಳಪು. ದಂಡೆಯಲ್ಲಿ ನಾಲ್ಕು ದೊಡ್ಡ ದೀಪ ಉರಿದರೆ ಮರಿಗಳು ಊರಿನ ಕಡೆ ಬಂದು ಸಾಯುತ್ತವೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಫೆಬ್ರುವರಿ ನಡು ಹಂಗಾಮು. ಅರಣ್ಯ ಇಲಾಖೆಯನ್ನು ಕೇಳಿ, ಗೂಡಿಲ್ಲದ ಜಾಗ ಆರಿಸಿ, ಕತ್ತಲಾದ ಮೇಲೆ ಎಲ್ಲರೂ ತೋಟಕ್ಕೆ ಬಂದುಬಿಡಿ. ಪಟಾಕಿಯಂತೂ ಬೇಡವೇ ಬೇಡ.

ವಧುವಿನ_ಅಕ್ಕ
ಇದು ನನಗೆ ಬಹಳ ಮುಖ್ಯವಾದ ವಿಷಯ. ತಂಗಿಗೆ ಓದಿ ಹೇಳಿದೆ, ದಂಡೆಯಲ್ಲಿ ದೀಪ ಬೇಡ ಎಂದು ಅವಳೇ ತೀರ್ಮಾನಿಸಿದಳು. ಸಂಜೆ ಐದರಿಂದ ಏಳರವರೆಗೆ ಮಾತ್ರ ದಂಡೆ, ಆಮೇಲೆ ತೋಟದಲ್ಲಿ ಊಟ. ಧ್ವನಿವರ್ಧಕವನ್ನೂ ತೋಟಕ್ಕೇ ಇಡುತ್ತೇವೆ.

ಹೊನ್ನಾವರ_ವಕೀಲ
ಒಳ್ಳೆಯ ತೀರ್ಮಾನ. ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಕಡಲತೀರ ಸರ್ಕಾರಿ ಜಾಗ. ರೆಸಾರ್ಟಿನ ಎದುರಿಗಿದೆ ಎಂದ ಮಾತ್ರಕ್ಕೆ ಅವರದಾಗುವುದಿಲ್ಲ. ಜಿಲ್ಲಾಡಳಿತ, ಸ್ಥಳೀಯ ಸಂಸ್ಥೆ, ಪೊಲೀಸ್ ಠಾಣೆ, ಮೂರು ಕಡೆಯೂ ಲಿಖಿತ ಅರ್ಜಿ ಕೊಡಿ. ಸಿಆರ್‌ಝಡ್ ಎಂಬ ಕರಾವಳಿ ನಿಯಂತ್ರಣ ವಲಯದ ವ್ಯಾಪ್ತಿಯಲ್ಲಿ ಕಾಂಕ್ರೀಟ್ ಸುರಿಯುವುದು, ಮರಳು ದಿಬ್ಬ ಸಮ ಮಾಡಿಸುವುದು ಕೂಡದು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ, ತೋಟಕ್ಕೂ ಅದು ಅನ್ವಯಿಸುತ್ತದೆ. ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ತೀರಗಳ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಆ ಭಾಗದಲ್ಲಿ ಸ್ವಚ್ಛತೆಯ ನಿಯಮಗಳು ಬಿಗಿ.

ಇನ್ನೊಂದು. ಹುಡುಗನ ಗೆಳೆಯರು ಗೋವಾ ವಿಮಾನ ನಿಲ್ದಾಣದಲ್ಲಿ ಇಳಿದು ಮದ್ಯದ ಬಾಟಲಿಗಳನ್ನು ಕಾರಿನಲ್ಲಿ ಹಾಕಿಕೊಂಡು ಬರುವುದು ಪ್ರತಿ ಮದುವೆಯಲ್ಲೂ ಕಾಣುವ ಸಂಗತಿ. ಗೋವಾ ಗಡಿಯ ಮಾಜಾಳಿ ತಪಾಸಣಾ ಠಾಣೆಯಲ್ಲಿ ಹಿಡಿದರೆ ವಾಹನವೂ ಜಪ್ತಿಯಾಗುತ್ತದೆ. ಮದ್ಯ ಬೇಕೆನ್ನುವ ಮನೆಯವರು ಅಬಕಾರಿ ಇಲಾಖೆಯ ಒಂದು ದಿನದ ತಾತ್ಕಾಲಿಕ ಸನ್ನದು ಪಡೆದು ಇಲ್ಲಿಯೇ ಖರೀದಿಸಲಿ.

ವಧುವಿನ_ಅಕ್ಕ
ನಮ್ಮಲ್ಲಿ ಮದ್ಯ ಇಲ್ಲ. ಆದರೂ ಹುಡುಗನ ಗೆಳೆಯರಿಗೆ ಈ ಮಾತನ್ನು ತಲುಪಿಸುತ್ತೇನೆ.

ಶಿರಸಿ_ಅಡುಗೆಮನೆ
ಈಗ ಊಟದ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ಅಡುಗೆಯವರನ್ನು ತರುತ್ತೀರಾ ಎಂದು ಕೇಳಿದ್ದು ಓದಿ ಸಂಕಟವಾಯಿತು. ಶಿರಸಿ, ಸಿದ್ದಾಪುರ, ಕುಮಟೆಯ ಅಡುಗೆ ಭಟ್ಟರು ಐನೂರು ಜನರ ಊಟವನ್ನು ಸೌದೆ ಒಲೆಯ ಮೇಲೆ ಇಳಿಸುವವರು. ಫೆಬ್ರುವರಿಯಲ್ಲಿ ನಿಮಗೆ ಸಿಗುವುದನ್ನು ಕೇಳಿ. ತಿಂಗಳ ಕೊನೆಗೆ ಅಪ್ಪೆಮಿಡಿ ಬರತೊಡಗುತ್ತದೆ. ಹೊಸ ಮಿಡಿಯ ಅಪ್ಪೆಹುಳಿ, ಇಂಗಿನ ಒಗ್ಗರಣೆ ಬಿದ್ದದ್ದು, ಊಟದ ನಡುವೆ ಒಂದು ಲೋಟ ಕೊಟ್ಟರೆ ದಾವಣಗೆರೆಯ ಬೀಗರು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಮಿಡಿ ತಡವಾದರೆ ಉಪ್ಪುನೀರಿನಲ್ಲಿ ಇಟ್ಟದ್ದು ಎಲ್ಲ ಮನೆಯಲ್ಲೂ ಇರುತ್ತದೆ. ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಕಾಯಿ ಹೋಳಿಗೆ, ಬಾಳೆಲೆಯ ಮೇಲೆ.

ಆ ತಿಂಗಳು ಆಲೆಮನೆಯ ಕಾಲ. ಕಬ್ಬಿನ ಹಾಲಿನಲ್ಲಿ ಅಕ್ಕಿಹಿಟ್ಟು ಕಲಸಿ, ಕವುಚಿ ಹಾಕಿದ ಮಡಕೆಯ ಬೆನ್ನಿಗೆ ಬಳಿದು ತೊಡದೇವು ಎಬ್ಬಿಸುವ ಹೆಂಗಸರನ್ನು ಸಂಜೆಗೆ ಕರೆಸಿ. ಕಾಗದದಷ್ಟು ತೆಳ್ಳಗಿನ ಹಾಳೆ ಮಡಕೆಯಿಂದ ಏಳುವುದನ್ನು ಮಕ್ಕಳು ಬಿಟ್ಟು ಕದಲುವುದಿಲ್ಲ. ಬಂದವರಿಗೆ ಆಸರಿಗೆ (ಬಾಯಾರಿಕೆಗೆ) ಮುರುಗಲು (ಕೋಕಂ) ಪಾನಕ ಕೊಡಿ. ಒಣಗಿಸಿದ ಸಿಪ್ಪೆ ವರ್ಷವಿಡೀ ಸಿಗುತ್ತದೆ.

ದಾವಣಗೆರೆ_ಬೆಣ್ಣೆ
ನಮ್ಮ ಕಡೆಯವರಿಗೆ ಎರಡು ದಿನ ಅನ್ನವೇ ಆದರೆ ಕಷ್ಟ. ಒಂದು ಹೊತ್ತಿಗಾದರೂ ರೊಟ್ಟಿ, ಎಣ್ಣೆಗಾಯಿ ಇಡಿಸಿ.

ಶಿರಸಿ_ಅಡುಗೆಮನೆ
ಖಂಡಿತ. ರೊಟ್ಟಿ ಬಡಿಯುವವರನ್ನು ಮಾತ್ರ ಹುಬ್ಬಳ್ಳಿ, ಹಾವೇರಿ ಕಡೆಯಿಂದ ಕರೆಸಿ. ಅದು ನಮ್ಮ ಕೈಗೆ ಬಗ್ಗುವುದಿಲ್ಲ.

ಅಂಕೋಲೆಯ_ಹುಡುಗಿ
ಮೀನಿನ ಊಟ ಬೇಕೆನ್ನುವ ನೆಂಟರಿದ್ದರೆ ಮರುದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಇಸ್ವಾಣ (ಅಂಜಲ್ ಮೀನು), ಸಿಗಡಿ ಆ ತಿಂಗಳು ಚೆನ್ನಾಗಿ ಸಿಗುತ್ತದೆ. ಹೂವಿಗೆ ಭಟ್ಕಳ ಮಲ್ಲಿಗೆ ಹೇಳಿ. ಚಪ್ಪರಕ್ಕೆ ತೆಂಗಿನ ಮಡಲು, ಅಡಿಕೆ ಸಿಂಗಾರ ಸಾಕು. ಬಟ್ಟೆಯ ಪರದೆಗಳು ಕಡಲ ಗಾಳಿಗೆ ನಿಲ್ಲುವುದಿಲ್ಲ, ಮಡಲಿನ ತಟ್ಟಿ ಗಾಳಿಯನ್ನು ಸೋಸಿ ಬಿಡುತ್ತದೆ.

ಬೆಂಗಳೂರು_ಟು_ಕಾರವಾರ
ಅತಿಥಿಗಳನ್ನು ಸ್ವಾಗತಿಸಲು ಹಾಲಕ್ಕಿ ಸಮುದಾಯದ ಹೆಂಗಸರನ್ನು ಅವರ ಉಡುಗೆಯಲ್ಲಿ ಬಾಗಿಲಲ್ಲಿ ನಿಲ್ಲಿಸಬಹುದು. ಸ್ಥಳೀಯ ಸಂಸ್ಕೃತಿಯ ಪರಿಚಯವೂ ಆಗುತ್ತದೆ.

ಅಂಕೋಲೆಯ_ಹುಡುಗಿ
ಬಾಗಿಲಲ್ಲಿ ನಿಲ್ಲಿಸಲು ಅವರು ಅಲಂಕಾರದ ವಸ್ತುಗಳಲ್ಲ. ಹಾಲಕ್ಕಿ ಹಾಡುಗಾರ್ತಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಅವರು ನಮ್ಮ ತಾಲ್ಲೂಕಿನವರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಷ್ಟೂ ಹಾಡುಗಳನ್ನು ಬಾಯಲ್ಲಿ ಇಟ್ಟುಕೊಂಡು ಬದುಕಿದ ಜೀವ. ಹಾಲಕ್ಕಿಗಳಲ್ಲಿ ಮದುವೆಯ ಒಂದೊಂದು ಶಾಸ್ತ್ರಕ್ಕೂ ಹಾಡಿದೆ. ಹಾಡುವವರನ್ನು ನೆಂಟರಂತೆ ಕರೆದು, ಕೂರಿಸಿ, ಊಟ ಹಾಕಿ, ಸಂಭಾವನೆ ಕೊಟ್ಟು, ಅವರು ಹಾಡುವಾಗ ಉಳಿದವರು ಸುಮ್ಮನಿದ್ದು ಕೇಳುವುದಾದರೆ ಕರೆಯಿರಿ. ಇಲ್ಲದಿದ್ದರೆ ಬೇಡ.

ಬೆಂಗಳೂರು_ಟು_ಕಾರವಾರ
ನೀವು ಹೇಳಿದ ರೀತಿಯೇ ಸರಿ, ಒಪ್ಪುತ್ತೇನೆ.

ಬಡಗುತಿಟ್ಟು_ಪ್ರಿಯ
ರಾತ್ರಿಗೆ ಡಿಜೆ ಬದಲು ಕಾಲಮಿತಿ ಯಕ್ಷಗಾನ ಇಡಿಸಿ, ಹತ್ತರೊಳಗೆ ಮುಗಿಯುತ್ತದೆ. 1934ರಲ್ಲಿ ಶುರುವಾದ ಕೆರೆಮನೆ ಮೇಳ ಹೊನ್ನಾವರದ ಗುಣವಂತೆಯದು. ಚಂಡೆಯ ಊರಿನಲ್ಲಿ ಮದುವೆ ಮಾಡಿ ಡಿಜೆ ಕೇಳಿಸುವುದೇ? ದಿಬ್ಬಣ ಎದುರುಗೊಳ್ಳಲು ಪಂಚವಾದ್ಯದವರಿಗೂ ಈಗಲೇ ವೀಳ್ಯ ಕೊಡಿ. ಲಗ್ನದ ದಿನಗಳಲ್ಲಿ ಅವರು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡುತ್ತಿರುತ್ತಾರೆ.

ಘಟ್ಟದ_ಚಾಲಕ
ದಾರಿಯ ಬಗ್ಗೆ. ದಾವಣಗೆರೆಯಿಂದ ಹಾವೇರಿ, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರಬಹುದು, ಆದರೆ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಆಗಾಗ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ವಾರ ವಿಚಾರಿಸಿ. ಇಲ್ಲವಾದರೆ ಶಿವಮೊಗ್ಗ, ಸಾಗರ, ಗೇರುಸೊಪ್ಪ ಘಟ್ಟದಿಂದ ಹೊನ್ನಾವರಕ್ಕೇ ಇಳಿಯಬಹುದು. ಘಟ್ಟವನ್ನು ಹಗಲಲ್ಲೇ ಇಳಿಯಲಿ, ವಾಂತಿಯ ಮಾತ್ರೆ ಬಸ್ಸಿನಲ್ಲಿ ಇರಲಿ. ಮಳೆಗಾಲದ ಮದುವೆಯ ಯೋಚನೆ ಯಾರಿಗಾದರೂ ಇದ್ದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಮರೆಯಬೇಡಿ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು ಅದೇ ವರ್ಷ ಆಗಸ್ಟ್ 7ರಂದು.

ದಾವಣಗೆರೆ_ಬೆಣ್ಣೆ
ಹುಬ್ಬಳ್ಳಿ–ಅಂಕೋಲಾ ರೈಲು ಆಗಿದ್ದರೆ ನಮಗೆ ಈ ಪಾಡು ಇರುತ್ತಿರಲಿಲ್ಲ.

ಕಾಡು_ಉಳಿಸಿ
ಆ ರೈಲಿಗೆ ಎಷ್ಟು ಮರ ಕಡಿಯಬೇಕೆಂದು ಗೊತ್ತೇ? ಯಲ್ಲಾಪುರದ ಕಾಡು ಉಳಿದಿರುವುದಕ್ಕೇ ನಿಮ್ಮ ಕಡೆಗೂ ಮಳೆ.

ದಾವಣಗೆರೆ_ಬೆಣ್ಣೆ
ಕಾಡೂ ಬೇಕು, ರೈಲೂ ಬೇಕು. ಘಟ್ಟದ ರಸ್ತೆಯಲ್ಲಿ ಹೋಗುವ ಜೀವಗಳಿಗೆ ಲೆಕ್ಕವಿಲ್ಲವೇ?

ನಿರ್ವಾಹಕ
ರೈಲು ಮಾರ್ಗದ ಚರ್ಚೆಗೆ ಬೇರೆ ಪುಟವಿದೆ. ದಯವಿಟ್ಟು ಇಲ್ಲಿ ಮದುವೆಯ ಮಾತು ಮುಂದುವರಿಯಲಿ.

ಭಟ್ಕಳದ_ದಾದಿ
ಎಲ್ಲರೂ ಮರೆತ ವಿಷಯ ಆಸ್ಪತ್ರೆ. ಇನ್ನೂರು ಜನರಲ್ಲಿ ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಇದ್ದೇ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿವೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ಆದರೆ ಗಂಭೀರ ಸ್ಥಿತಿಯಾದರೆ ಈಗಲೂ ನಾವು ಮಣಿಪಾಲ, ಮಂಗಳೂರು, ಗೋವಾಕ್ಕೇ ಓಡುವುದು. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಸುಸಜ್ಜಿತ ಆಸ್ಪತ್ರೆಗಾಗಿ ಈ ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಎರಡು ದಿನವೂ ಒಂದು ಆಂಬುಲೆನ್ಸ್ ತೋಟದ ಬಾಗಿಲಲ್ಲಿ ಇರಲಿ, ಹಿರಿಯರ ಔಷಧದ ಪಟ್ಟಿ ಒಬ್ಬರ ಕೈಯಲ್ಲಿರಲಿ.

ಸಮುದ್ರಕ್ಕೆ ಇಳಿಯುವ ಹುಡುಗರ ಮೇಲೆ ಕಣ್ಣಿಡಲು ಈಜು ಬಲ್ಲ ಊರಿನವರಿಬ್ಬರನ್ನು ಗೊತ್ತುಮಾಡಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದ್ದು ಮಳೆಗಾಲದಲ್ಲಲ್ಲ. ಶಾಂತವಾಗಿ ಕಾಣುವ ದಿನಗಳಲ್ಲೂ ಸೆಳೆತ ಇರುತ್ತದೆ.

ವಧುವಿನ_ಅಕ್ಕ
ಮನೆಯಲ್ಲಿ ಕುಳಿತು ಎಲ್ಲವನ್ನೂ ಚರ್ಚಿಸಿದೆವು. ಸಂಕ್ರಾಂತಿಯ ನಂತರ, ಶಿವರಾತ್ರಿಯ ವಾರ ಬಿಟ್ಟು, ಫೆಬ್ರುವರಿಯಲ್ಲಿ ಮುಹೂರ್ತ ಕೇಳುತ್ತಿದ್ದೇವೆ. ಹೊನ್ನಾವರದ ಕಡೆ ತೋಟ, ಬೆಳಿಗ್ಗೆ ಧಾರೆ, ಸಂಜೆ ದೀಪವಿಲ್ಲದೆ ದಂಡೆಯಲ್ಲಿ ಆರತಕ್ಷತೆ. ಅಡುಗೆ ಶಿರಸಿಯವರದು. ಅಮ್ಮನಿಗೆ ಮೇ ತಿಂಗಳ ಅಂಕೋಲೆಯ ಇಶಾಡ ಮಾವಿನಹಣ್ಣು ತಪ್ಪಿತೆಂಬ ಕೊರಗು ಇದೆ, ಅದಕ್ಕೆ ಮದುವೆಯ ನಂತರದ ಮೊದಲ ಬೇಸಿಗೆಗೆ ಅಳಿಯನನ್ನು ಅಂಕೋಲೆಗೆ ಕರೆಯುತ್ತಾರಂತೆ. ಬೆಂಗಳೂರಿನ ನೂರು ಜನರನ್ನು ಕರೆತರುವುದು ಹೇಗೆ ಎಂಬುದೊಂದು ಉಳಿದಿದೆ.

ಕುಮಟೆಯ_ಓದುಗ
ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಕರಾವಳಿ. ಹೊನ್ನಾವರದಲ್ಲೇ ಇಳಿಯಬಹುದು. ಮೊದಲಿನಂತೆ ನಾಲ್ಕು ತಿಂಗಳ ಮುಂಚೆ ಟಿಕೆಟ್ ಸಿಗುವುದಿಲ್ಲ, 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 60 ದಿನ. ತೆರೆದ ದಿನವೇ ನಾಲ್ಕೈದು ಜನ ಬೇರೆ ಬೇರೆ ಖಾತೆಗಳಿಂದ ಕುಳಿತು ಮಾಡಿ. ನಿಲ್ದಾಣ ಊರಿನಿಂದ ಸ್ವಲ್ಪ ದೂರವಿದೆ, ವ್ಯಾನುಗಳನ್ನು ಮೊದಲೇ ಹೇಳಿಡಿ.

ಟೊಂಕದ_ಮೀನುಗಾರ
ದಿನಾಂಕ ಗೊತ್ತಾದ ಕೂಡಲೇ ಇಲ್ಲಿ ಹಾಕಿ ಅಕ್ಕಾ. ಆ ವಾರ ಬಲೆ ಯಾವ ಕಡೆ ಎಳೆಯುತ್ತಾರೆಂದು ನಮ್ಮವರನ್ನು ಕೇಳಿ ಹೇಳುತ್ತೇನೆ. ಮರುದಿನದ ಮೀನಿಗೂ ನಾಲ್ಕು ದಿನ ಮೊದಲು ತೂಕ ತಿಳಿಸಿದರೆ ಸಾಕು.